ಲಾಲ್ ಅಹ್ಮದನ ರಜೆ ಅರ್ಜಿ

ಹುಮನಾಬಾದಿನ ಕಚೇರಿಗೆ ತಹಸೀಲ್ದಾರರು ಬರುತ್ತಿದ್ದರು, ಹೋಗುತ್ತಿದ್ದರು. ಬೀಗದ ಕೈಗಳ ಗೊಂಚಲು ಮಾತ್ರ ಮೂವತ್ತೊಂದು ವರ್ಷ ಲಾಲ್ ಅಹ್ಮದನ ಸೊಂಟ ಬಿಟ್ಟು ಕದಲಲಿಲ್ಲ. ಅವನು ಅಲ್ಲಿಯ ಚಪರಾಸಿ. ಒಣಕಲು ಮೈ, ಮದರಂಗಿ ಹಚ್ಚಿದ ಗಡ್ಡ, ಎದೆಯ ಮೇಲೆ ಅಡ್ಡಪಟ್ಟಿ, ಅದಕ್ಕೆ ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಬಿಲ್ಲೆ. ಕಚೇರಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಉಗುಳಿದವನು ಬಡ ಒಕ್ಕಲಿಗನಾಗಲಿ, ಪಾಟೀಲನಾಗಲಿ, ಅವನ ಕೈಯಿಂದಲೇ ಒರೆಸಿಸುತ್ತಿದ್ದ. ಅವನನ್ನು ಒಳ್ಳೆಯವನೆಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಲೆಕ್ಕಕ್ಕೆ ತಪ್ಪದವನೆಂದು ಬಯ್ಯುತ್ತಲೇ ಒಪ್ಪುತ್ತಿದ್ದರು.

ಕಚೇರಿಯ ಗುಮಾಸ್ತರ ಬೆನ್ನ ಹಿಂದೆ ನಿಂತು ನಿಂತೇ ಅವನು ಉರ್ದು ಓದುವುದನ್ನು, ತಿದ್ದಿ ತಿದ್ದಿ ಬರೆಯುವುದನ್ನು ಕಲಿತಿದ್ದ. ಅದರ ಜೊತೆಗೇ ಒಂದು ನಂಬಿಕೆಯನ್ನೂ ಕಲಿತ. ಕಾಗದ ಬಂತೆಂದರೆ ಅದಕ್ಕೊಂದು ನಂಬರು ಬೀಳಬೇಕು. ನಂಬರು ಬಿತ್ತೆಂದರೆ ಜವಾಬು ಬಂದೇ ಬರಬೇಕು. ಇಂದಲ್ಲ ನಾಳೆ, ಈ ಸಾಹೇಬರಲ್ಲದಿದ್ದರೆ ಮುಂದಿನ ಸಾಹೇಬರು. ನಮಾಜು ತಪ್ಪಿದರೂ ತಪ್ಪಬಹುದಿತ್ತು, ಈ ನಂಬಿಕೆ ಅವನಿಗೆ ಒಂದು ದಿನವೂ ತಪ್ಪಿದ್ದಿಲ್ಲ.

ನಲವತ್ತೇಳರ ಕೊನೆಗೆ, ನಿಜಾಮನ ಆಳ್ವಿಕೆ ಉಳಿಸಲು ಬಂದೂಕು ಹಿಡಿದ ರಜಾಕಾರರ ಗುಂಪೊಂದು ಬಂದೂಕಿನ ಕೋಣೆಯ ಬೀಗದ ಕೈ ಕೇಳಲು ಬಂತು. "ಹುಕುಂ ತೋರಿಸ್ರಿ" ಎಂದ ಲಾಲ್ ಅಹ್ಮದ್. ನಮ್ಮವನೇ ಆಗಿ ನಮಗೇ ಹುಕುಂ ಕೇಳುತ್ತೀಯಾ ಎಂದು ಕಪಾಳಕ್ಕೆ ಬಿಗಿದರು. ಒಂದು ಹಲ್ಲು ಹೋಯಿತು, ಬೀಗದ ಕೈ ಹೋಗಲಿಲ್ಲ. ಅದನ್ನು ಕಣ್ಣಾರೆ ಕಂಡವನು ಊರ ತಳವಾರ ಮಚ್ಚೇಂದ್ರ. ಅವನ ಗುಡಿಸಲನ್ನು ಅದೇ ಗುಂಪು ಆ ವರ್ಷ ಸುಟ್ಟಿತ್ತು. ಅಂದಿನಿಂದ ಮಚ್ಚೇಂದ್ರ ಈ ಸಿಡುಕನ ಜೊತೆ ಒಂದೇ ಚಿಲುಮೆ ಸೇದುವಷ್ಟು ಸ್ನೇಹ ಬೆಳೆಸಿಕೊಂಡ.

ಮರುವರ್ಷ ಸೆಪ್ಟೆಂಬರಿನಲ್ಲಿ ಸೊಲ್ಲಾಪುರದ ರಸ್ತೆಯಿಂದ ಭಾರತದ ಸೈನ್ಯ ಬಂತು. ತಹಸೀಲ್ದಾರ ಹಿಂದಿನ ಸಂಜೆಯೇ ಹೆಂಡತಿ ಮಕ್ಕಳನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಜಾಗ ಖಾಲಿ ಮಾಡಿದ್ದ. ಗುಮಾಸ್ತರೂ ಒಬ್ಬೊಬ್ಬರಾಗಿ ಜಾರಿದರು. ಸೈನ್ಯದ ಲಾರಿಗಳು ಊರಲ್ಲಿ ಎರಡು ತಾಸು ನಿಂತವು, ನೀರು ತುಂಬಿಕೊಂಡವು, ಹಾರ ಹಾಕಿಸಿಕೊಂಡವು, ಹೈದರಾಬಾದಿನ ಕಡೆ ಮುಂದಕ್ಕೆ ಹೋದವು. ಒಟ್ಟು ಐದು ದಿನದಲ್ಲಿ ಗೆದ್ದರು. ಆರನೆಯ ದಿನ ಏನು ಎಂದು ಯೋಚಿಸಿದವರು ಯಾರೂ ಇರಲಿಲ್ಲ. ಹಾರಕ್ಕೆ ಯಾರು, ಕಮಾನಿಗೆ ಯಾರು, ಭಾಷಣಕ್ಕೆ ಯಾರು ಎಂಬ ಪಟ್ಟಿ ಸಿದ್ಧವಿತ್ತು. ಕಚೇರಿಯ ಕುರ್ಚಿಗೆ ಯಾರು ಎಂಬ ಪಟ್ಟಿ ಇರಲಿಲ್ಲ. ಹನ್ನೊಂದು ದಿನ ಆ ಕುರ್ಚಿ ಖಾಲಿ ಬಿದ್ದಿತ್ತು, ಪೊಲೀಸರ ಠಾಣೆಯಲ್ಲಿ ನಾಯಿ ಮಲಗಿತ್ತು.

ಲಾಲ್ ಅಹ್ಮದ್ ಮಾತ್ರ ಮುಂಜಾನೆ ಹತ್ತಕ್ಕೆ ಬೀಗ ತೆಗೆದ, ಕಸ ಹೊಡೆದ, ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಸಹಿ ಹಾಕಿದ, ಸಂಜೆ ಐದಕ್ಕೆ ಬೀಗ ಹಾಕಿದ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಕಚೇರಿಯ ವಸ್ತುಗಳ ಪಟ್ಟಿ ಓದಿ, ಒಪ್ಪಿಸಿ, ಸಹಿ ಪಡೆಯದೆ ಚಾರ್ಜು ಬಿಡುವ ಹಾಗಿಲ್ಲ. ಹೊಸ ಸಾಹೇಬರು ನಾಳೆ ಬರುತ್ತಾರೆ. ನಾಳೆ ಒಪ್ಪಿಸಿದರಾಯಿತು.

ನಾಳೆ ಬಂದದ್ದು ಸಾಹೇಬರಲ್ಲ. ಕಲ್ಯಾಣಿಯ ಕಡೆಯಿಂದ, ಈಗಿನ ಬಸವಕಲ್ಯಾಣದಿಂದ, ಗಂಟುಮೂಟೆ ಹೊತ್ತ ಮುಸಲ್ಮಾನರು ಬಂದರು. ಸುತ್ತಲಿನ ಹಳ್ಳಿಗಳಿಂದ ಗುಂಪುಗಳು ಬರುತ್ತಿವೆ, ಮನೆ ಲೂಟಿಯಾಗುತ್ತಿದೆ, ಗಂಡಸರನ್ನು ಕೊಲ್ಲುತ್ತಿದ್ದಾರೆ, ಯಾರಾದರೂ ನಾಲ್ಕು ಜನ ಸಿಪಾಯಿಗಳನ್ನು ಕಳಿಸಿ ಎಂದು ಕಟ್ಟೆಯ ಮೇಲೆ ಕುಳಿತು ಅತ್ತರು. ರಜಾಕಾರರು ಮಾಡಿದ ಪಾಪಕ್ಕೆ, ರಜಾಕಾರರ ಮುಖವನ್ನೇ ಕಾಣದ ಜನ ದಂಡ ತೆರುತ್ತಿದ್ದರು. ಗುಂಪಿನವರು ಹೊರಗಿನವರು ಎಂದು ಆಮೇಲೆ ಎಲ್ಲರೂ ಹೇಳಿದರು. ಹೊರಗಿನವರಿಗೆ ಓಣಿಯ ಒಳದಾರಿ ತೋರಿಸಿದವರು ಯಾರೆಂದು ಯಾರೂ ಹೇಳಲಿಲ್ಲ.

ಲಾಲ್ ಅಹ್ಮದ್ ಅವರಿಗೆ ನೀರು ಕೊಟ್ಟ. ಬೇರೆ ಏನು ಮಾಡಬೇಕೋ ತೋಚದೆ, ಬಂದ ಕಾಗದಗಳ ರಿಜಿಸ್ಟರು ತೆಗೆದು ಒಬ್ಬೊಬ್ಬರ ಫಿರ್ಯಾದನ್ನೂ ತನ್ನ ವಕ್ರ ಅಕ್ಷರದಲ್ಲಿ ಬರೆದುಕೊಂಡು ನಂಬರು ಹಾಕಿದ. ಮೂರನೆಯ ದಿನದ ಹೊತ್ತಿಗೆ ನಂಬರು ಆರಕ್ಕೆ ಬಂದಿತ್ತು.

ಅವನ ಒಬ್ಬಳೇ ಮಗಳು ಖುರ್ಷೀದ್ ಇದ್ದದ್ದೂ ಕಲ್ಯಾಣಿಯಲ್ಲೇ. ಅಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಮೊಹಿನುದ್ದೀನನಿಗೆ ಅವಳನ್ನು ಕೊಟ್ಟಿತ್ತು. ಮೂರನೆಯ ದಿನ ಮಧ್ಯಾಹ್ನ ಲಾಲ್ ಅಹ್ಮದನ ಹೆಂಡತಿ ವಜೀರಬಿ, ಎಂದೂ ಕಚೇರಿಯ ಮೆಟ್ಟಿಲು ಕಾಣದವಳು, ಬುರ್ಖಾ ಅರ್ಧ ಜಾರಿದ್ದರ ಪರಿವೆಯಿಲ್ಲದೆ ಬಂದು ನಿಂತಳು. ಅವಳ ಹಿಂದೆ ಮಚ್ಚೇಂದ್ರ, ಬೇಮಳಖೇಡದ ತನ್ನ ಷಡ್ಡಕನ ಎತ್ತಿನ ಗಾಡಿ ತಂದಿದ್ದ.

"ಏಳ್ರಿ ಲಾಲ್ ಭಾಯ್. ಈಗ ಹೊಂಟ್ರ ಬೆಳಗಾಗೂದ್ರಾಗ ಮುಟ್ತೀವಿ" ಎಂದ ಮಚ್ಚೇಂದ್ರ. "ಹುಲ್ಲಿನಾಗ ಮುಚ್ಚಿ ಕರ್ಕೊಂಡು ಬರೂಣು. ನನ್ನ ಗಾಡಿ ಯಾರೂ ತಡಿಯಾಂಗಿಲ್ಲ."

"ನೀ ಹೋಗಿ ಬಾ."

"ನಾ ಒಬ್ಬಾಂವ ಹೋದ್ರ ಆಕಿ ಬಾಗ್ಲಾ ತೆಗಿತಾಳೇನು? ಇಂಥಾ ದಿನದಾಗ ಅಪ್ಪನ ದನಿ ಕೇಳಿದ್ರಷ್ಟ ತೆಗಿತಾಳ."

ಮಾತು ಖರೆ ಇತ್ತು. ಲಾಲ್ ಅಹ್ಮದ್ ಒಳಗೆ ಹೋದ. ಹೋದವನು ಬೀಗ ಹಾಕಿ ಹೊರಗೆ ಬರುತ್ತಾನೆಂದು ಇಬ್ಬರೂ ಕಾದರು. ಅವನು ಒಂದು ಹಾಳೆ ತೆಗೆದು ರಜೆಯ ಅರ್ಜಿ ಬರೆಯುತ್ತಿದ್ದ. ಮಗಳನ್ನು ಕರೆತರಲು ಎರಡು ದಿನದ ರಜೆ ಬೇಕು. ಬರೆದು ಮುಗಿಸಿ ಅದಕ್ಕೆ ಏಳನೆಯ ನಂಬರು ಹಾಕಿದ, ತಹಸೀಲ್ದಾರರ ಮೇಜಿನ ಮೇಲೆ ಗಾಜಿನ ಗುಂಡು ಇಟ್ಟು ಒತ್ತಿದ, ಹೊರಗೆ ಬಂದು ಸ್ಟೂಲಿನ ಮೇಲೆ ಕುಳಿತ.

"ಹೊಸ ಸಾಹೇಬ್ರು ನಾಳೆ ಬರ್ತಾರ. ಮಂಜೂರಾದ ಕೂಡ್ಲೆ ಹೋಗೂಣು" ಎಂದ.

ಮೂವತ್ತೊಂದು ವರ್ಷದಲ್ಲಿ ಅವನು ಮಂಜೂರಾಗದ ರಜೆ ತೆಗೆದುಕೊಂಡಿದ್ದಿಲ್ಲ. ಅವನ ತಾಯಿ ಸತ್ತ ದಿನವೂ ಸಹಿಗಾಗಿ ಸಾಹೇಬರ ಸ್ನಾನ ಮುಗಿಯುವ ತನಕ ಬಾಗಿಲಲ್ಲಿ ನಿಂತಿದ್ದ. ಆದರೆ ಅಂದು ಆ ಬಾಗಿಲ ಹಿಂದೆ ಸ್ನಾನ ಮಾಡುವ ಸಾಹೇಬನಿದ್ದ. ಇಂದು ಬಾಗಿಲ ಹಿಂದೆ ಯಾರೂ ಇಲ್ಲವೆಂದು ಊರಿನ ನಾಯಿಗಳಿಗೂ ಗೊತ್ತಿತ್ತು, ಇವನಿಗೆ ಗೊತ್ತಾಗಲಿಲ್ಲ. ಸಿಟ್ಟು ಬರುತ್ತದೆ, ಬರಲಿ. ಇವನಂಥವರನ್ನು ಮೂವತ್ತು ವರ್ಷ ತಿಕ್ಕಿ ತಿಕ್ಕಿ ಬಿಲ್ಲೆಯ ಹಾಗೆ ಹೊಳೆಯುವಂತೆ ಮಾಡಿದವರ ಮೇಲೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ವಜೀರಬಿ ಅವನ ಕಾಲು ಹಿಡಿದಳು. ಅವನು ನಾಳೆ ಎಂದ. ನಾಲ್ಕನೆಯ ದಿನವೂ ನಾಳೆ ಎಂದ. ಐದನೆಯ ದಿನ ಮಚ್ಚೇಂದ್ರ ಅವನ ಮುಖಕ್ಕೆ ಉಗುಳುವುದೊಂದು ಬಾಕಿ ಇಟ್ಟು, ಮುಂಜಾನೆಯೇ ಒಬ್ಬನೇ ಗಾಡಿ ಹೂಡಿಕೊಂಡು ಹೋದ. ರಾತ್ರಿ ಕಲ್ಯಾಣಿ ಮುಟ್ಟಿದಾಗ ಮೊಹಿನುದ್ದೀನನ ಮನೆಯ ಬಾಗಿಲೇ ಇರಲಿಲ್ಲ. ಅವನನ್ನು ಹಿಂದಿನ ದಿನ ಕೊಂದಿದ್ದರು. ಖುರ್ಷೀದ್ ಆ ದಿನ ಬೆಳಿಗ್ಗೆಯವರೆಗೆ ನೆರೆಮನೆಯ ಹಗೇವಿನಲ್ಲಿ, ನೆಲದೊಳಗಿನ ಕಣಜದಲ್ಲಿ, ಜೋಳದ ನಡುವೆ ಅಡಗಿದ್ದಳಂತೆ. ಮತ್ತೆ ಗುಂಪು ಬಂದ ಸದ್ದು ಕೇಳಿ ಇನ್ನಿಬ್ಬರು ಹೆಂಗಸರ ಜೊತೆ ಬಾವಿಗೆ ಹಾರಿದಳು.

ಮಚ್ಚೇಂದ್ರ ತಿರುಗಿ ಬಂದು ಹೇಳಿದ್ದು ಅಷ್ಟೇ. ಅಂದಿನಿಂದ ವಜೀರಬಿ ಗಂಡನ ಜೊತೆ ಮಾತು ಬಿಟ್ಟಳು. ರೊಟ್ಟಿ ಬಡಿದು ತಾಟು ನೂಕುವಳು, ಗೋಡೆಗೆ ಮುಖ ಮಾಡಿ ಕೂಡುವಳು. ಹನ್ನೆರಡನೆಯ ದಿನ ಜೀಪಿನಲ್ಲಿ ಹೊಸ ಅಧಿಕಾರಿ ಬಂದ. ಅವನಿಗೆ ಉರ್ದು ಬಾರದು, ಕನ್ನಡವೂ ಬಾರದು. ಲಾಲ್ ಅಹ್ಮದ್ ಪಟ್ಟಿ ಹಿಡಿದು ಓದಲು ಶುರುಮಾಡಿದಾಗ, ಕೈ ಬೀಸಿ, ಬೀಗದ ಕೈ ಮೇಜಿನ ಮೇಲೆ ಬಿಸಾಕಿ ಹೋಗು ಎಂದ. ಗಾಜಿನ ಗುಂಡಿನ ಕೆಳಗಿನ ಕಾಗದವನ್ನು ಹಳೇ ಕಾಗದಗಳ ಕಟ್ಟಿಗೆ ಸೇರಿಸಿಬಿಟ್ಟರು.

ಇನ್ನು ಆ ಕಾಗದದ ಮೇಲೆ ನಡೆದ ವಾದದ ವಿಷಯ.

ವರ್ಷ ಕಳೆದ ಮೇಲೆ, ನಲವತ್ತೊಂಬತ್ತರ ಅಕ್ಟೋಬರಿನಲ್ಲಿ, ಆ ದಿನಗಳ ವಿಚಾರಣೆಗೆಂದು ಮೇಲಿನಿಂದ ಮೂವರ ಸಮಿತಿಯೊಂದು ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ಇಂಥವರಿಗಾಗಿಯೇ ಹುಟ್ಟಿದ್ದು. ಸತ್ತವರ ಕಡೆಯಿಂದ ಮಾತಾಡುವವರು ಯಾರೂ ಇರಲಿಲ್ಲ. ಜಗಳಕ್ಕೆ ನಿಂತವರು ಊರಿನ ಇಬ್ಬರು ಮುಖಂಡರು.

ಒಬ್ಬ ವಕೀಲ ದಿಗಂಬರರಾವ್. ಗಡಿಯಾಚೆ ಸೊಲ್ಲಾಪುರದಲ್ಲಿ ಕುಳಿತು ನಿಜಾಮನ ವಿರುದ್ಧ ಚಳವಳಿ ಮಾಡಿದವನು. ಸೈನ್ಯ ಬಂದ ಮೇಲೆ ಯಾವ ಕಚೇರಿ ಯಾರ ಕೈಗೆ ಎಂಬುದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮೇಲಿನವರಿಗೆ ಮಾತು ಕೊಟ್ಟು, ಮರೆತು, ಕಮಾನು ಕಟ್ಟಿಸುವುದರಲ್ಲಿ ಮುಳುಗಿದ್ದವನು. ಇನ್ನೊಬ್ಬ ಜೋಳದ ಅಡತಿ ಅಂಗಡಿಯ ಬಸವಣಪ್ಪ. ಆ ಹನ್ನೊಂದು ದಿನವೂ ಅಡತಿಗೆ ಒಳಗಿನಿಂದ ಅಗಳಿ ಹಾಕಿಕೊಂಡು ಕುಳಿತಿದ್ದ. ಈಗ ಹೊರಗೆ ಬಂದು, ಏರ್ಪಾಡು ಮಾಡದೆ ನಾಡನ್ನು ಹಾಳುಗೆಡವಿದರು ಎಂದು ಕೂಗುತ್ತಿದ್ದ. ಕೂಗಿನಲ್ಲಿ ಸತ್ಯವಿತ್ತು. ಕೂಗುವವನಿಗೆ ಬೇಕಾದದ್ದು ಮಾತ್ರ ದಿಗಂಬರರಾಯನ ಜಾಗ.

ದಿಗಂಬರರಾವ್ ಲಾಲ್ ಅಹ್ಮದನನ್ನು ಕರೆಸಿದ. ಹಳೇ ಸರ್ಕಾರದ ನೌಕರರಲ್ಲಿ ಯಾರನ್ನು ತೆಗೆಯಬೇಕೆಂಬ ಪಟ್ಟಿ ತಯಾರಾಗುತ್ತಿತ್ತು, ಇನ್ನೂ ಚಪರಾಸಿಯಾಗಿಯೇ ಇದ್ದ ಇವನ ಹೆಸರೂ ಅದರಲ್ಲಿತ್ತು.

"ನೀ ಹನ್ನೊಂದು ದಿನಾನೂ ಕಚೇರಿ ತೆಗ್ದಿದ್ದಿ, ಹೌದಿಲ್ಲೋ? ಅಷ್ಟ ಹೇಳು. ಸುಳ್ಳು ಹೇಳಂತ ನಾ ಅನ್ನಾಂಗಿಲ್ಲ. ಸರ್ಕಾರದ ಕೆಲಸ ಒಂದು ದಿನಾನೂ ನಿಂತಿಲ್ಲಂತ ಸಾಬೀತಾಗ್ತದ. ನಿನ್ನ ಹೆಸ್ರು ಪಟ್ಟಿಯಿಂದ ನಾ ತೆಗಸ್ತೀನಿ."

ಬಸವಣಪ್ಪ ಮಾಣಿಕನಗರದ ದಾರಿಯಲ್ಲಿ ಅಡ್ಡಗಟ್ಟಿದ. "ನೀ ಬೀಗಾ ಹಾಕಿ ಓಡಿ ಹೋಗಿದ್ದಿ ಅಂತ ಹೇಳು. ಕಚೇರಿನಾಗ ನರಪಿಳ್ಳಿ ಇದ್ದಿಲ್ಲಂತ ಗೊತ್ತಾಗ್ಲಿ. ನಿನ್ನ ಮಗಳಿಗೆ ನ್ಯಾಯ ಬ್ಯಾಡೇನು?"

"ನನ್ನ ಮಗಳ ಹೆಸ್ರು ನಿಮ್ಮ ಬಾಯಾಗ ಬ್ಯಾಡ್ರಿ" ಎಂದು ಲಾಲ್ ಅಹ್ಮದ್ ನಡೆದುಬಿಟ್ಟ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸು ಬಾವಿಯಲ್ಲಿತ್ತು, ಜಗಳ ಮಾತ್ರ ಜೋರಾಗಿ ನಡೆದಿತ್ತು. ನಿಜ ಹೇಳಿದರೆ ಕಚೇರಿ ತೆರೆದಿತ್ತು ಎನ್ನಬೇಕು. ಕಚೇರಿ ತೆರೆದಿತ್ತು ಎಂದರೆ, ಮಗಳು ಹಗೇವಿನಲ್ಲಿ ಕುಳಿತು ಕಾಯುವಾಗ ಅಪ್ಪ ಇಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಎಂದು ನಾಲ್ಕು ಜನರೆದುರು ಒಪ್ಪಬೇಕು.

ವಿಚಾರಣೆಯ ದಿನ ಕಚೇರಿಯ ಪಡಸಾಲೆ ತುಂಬಿತ್ತು. ಸಮಿತಿಯ ಅಧ್ಯಕ್ಷರು ಧಾರವಾಡದ ಕಡೆಯವರು, ಬೋಳುತಲೆ, ನಿಧಾನದ ಮಾತು. ದಿಗಂಬರರಾವ್ ಹಾಜರಿ ಪುಸ್ತಕ ಎತ್ತಿ ಹಿಡಿದ. ಹನ್ನೊಂದು ದಿನದ ಹನ್ನೊಂದು ಸಹಿ. "ಸರ್ಕಾರ ಇದ್ದಿಲ್ಲಂತ ಹೇಳೋರು ಇದನ್ನ ನೋಡ್ರಿ. ಒಬ್ಬ ಮುಸಲ್ಮಾನ ಚಪರಾಸೀನ ಸಾಕ್ಷಿ ಅದಾನ."

"ಹೌದೇನಪಾ, ನೀನು ಕಚೇರಿ ತೆಗೆದಿದ್ದೇನು?" ಎಂದರು ಅಧ್ಯಕ್ಷರು.

"ಹೌದ್ರಿ."

ಬಸವಣಪ್ಪ ಎದ್ದು ನಿಂತ. "ಸುಳ್ಳು. ಕೊಟ್ಟದ್ದು ತಿಂದು ಮಾತಾಡಾಕತ್ತಾನ."

ಲಾಲ್ ಅಹ್ಮದ್ ಅವನ ಕಡೆ ನೋಡಲಿಲ್ಲ. "ಸಾಹೇಬ್ರ, ಹಾಜರಿ ಒಂದs ಯಾಕ ನೋಡ್ತೀರಿ? ಬಂದ ಕಾಗದದ ರಿಜಿಸ್ಟರೂ ಅದ. ಅದನ್ನೂ ಓದಸ್ರಿ."

ರಿಜಿಸ್ಟರು ಬಂತು. ಉರ್ದು ಬಲ್ಲ ಗುಮಾಸ್ತ ಓದಿದ. ಒಂದನೆಯ ನಂಬರು, ಕಲ್ಯಾಣಿಯಲ್ಲಿ ಗುಂಪು ಸೇರುತ್ತಿದೆ, ಸಿಪಾಯಿಗಳನ್ನು ಕಳಿಸಬೇಕು. ಎರಡು, ಮೂರು, ಅದೇ. ನಾಲ್ಕು, ಹಜಿರಾ ಬೀ ಎಂಬುವಳ ಗಂಡ ಇಬ್ಬರು ಮಕ್ಕಳ ಸಮೇತ ಕಾಣೆಯಾಗಿದ್ದಾನೆ. ಐದು, ಆರು, ಅದೇ. ಏಳು, ಚಪರಾಸಿ ಲಾಲ್ ಅಹ್ಮದನ ರಜೆ ಅರ್ಜಿ, ಮಗಳು ಕಲ್ಯಾಣಿಯಲ್ಲಿದ್ದಾಳೆ, ಕರೆತರಲು ಎರಡು ದಿನ. ಹೀಗೆ ಇಪ್ಪತ್ತಮೂರರ ತನಕ. ಜವಾಬಿನ ಕಾಲಮ್ಮು ಮೇಲಿನಿಂದ ಕೆಳಗಿನ ತನಕ ಖಾಲಿ.

"ಏಳನೇ ನಂಬರಿಗೆ ಜವಾಬ್ ಬೇಕ್ರಿ" ಎಂದ ಲಾಲ್ ಅಹ್ಮದ್. "ಮಂಜೂರೋ, ನಾಮಂಜೂರೋ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ. "ಪಾಪ, ಎರಡು ದಿನದ ರಜಾ ಮಂಜೂರು ಅಂತ ಬರೀರಿ, ಅವನ ಸಮಾಧಾನಕ್ಕ" ಎಂದರು.

ದಿಗಂಬರರಾವ್ ಗಾಬರಿಯಿಂದ ಅವರ ಕಿವಿಗೆ ಬಾಗಿದ. ಆದರೆ ಅವನ ಪಿಸುಮಾತು ಕೂಡ ಕೋರ್ಟಿಗೆ ಕೇಳುವಂಥದ್ದು. "ರಜಾ ಕೊಟ್ರ ಆ ಎರಡು ದಿನ ಕಚೇರಿನಾಗ ಯಾರಿದ್ರು ಅಂತ ಕೇಳ್ತಾರ್ರಿ. ಇದ್ದಾಂವ ಇವ ಒಬ್ಬಾಂವನ."

"ಹಂಗಾದ್ರ ನಾಮಂಜೂರು ಅಂತ ಬರೀರಿ" ಎಂದು ಬಸವಣಪ್ಪ ನಕ್ಕ. "ಸರ್ಕಾರ ಇತ್ತು, ಆರು ಫಿರ್ಯಾದು ಓದಿ ಸುಮ್ನಿತ್ತು, ಮಗಳನ್ನ ಕರ್ಕೊಂಡು ಬರಾಕ ಅಪ್ಪಗ ರಜಾ ಕೊಡ್ಲಿಲ್ಲ ಅಂತ ಬರೀರಿ. ನಾ ಒಪ್ತೀನಿ."

ಅಲ್ಲಿಂದ ಶುರುವಾಯಿತು. ಸೊಲ್ಲಾಪುರದ ಕ್ಯಾಂಪಿನಲ್ಲಿ ಪೂರಿ ತಿಂದವರು ಎಂದ ಇವನು. ಅಗಳಿ ಹಾಕಿಕೊಂಡು ಜೋಳ ಕಾದವರು ಎಂದ ಅವನು. ಸೈನ್ಯದ ತಪ್ಪು, ಇಲ್ಲ ಹೈದರಾಬಾದಿನ ತಪ್ಪು, ಇಲ್ಲ ದೆಹಲಿಯ ತಪ್ಪು. ಎರಡೂ ಕಡೆಯವರು ಎದ್ದು ನಿಂತು ತೋಳು ಮಡಚಿದರು. ಮಂಜೂರು ಎಂದರೆ ಯಾರಿಗೆ ಲಾಭ, ನಾಮಂಜೂರು ಎಂದರೆ ಯಾರಿಗೆ ಲಾಭ ಎಂಬುದರ ಮೇಲೆ ಅರ್ಧ ತಾಸು ಕಿತ್ತಾಡಿದರು. ಆ ಅರ್ಧ ತಾಸಿನಲ್ಲಿ ಖುರ್ಷೀದಳ ಹೆಸರು ಒಮ್ಮೆಯೂ ಯಾರ ಬಾಯಿಂದಲೂ ಬರಲಿಲ್ಲ.

ಲಾಲ್ ಅಹ್ಮದ್ ತನ್ನ ಬಿಲ್ಲೆಯ ಅಡ್ಡಪಟ್ಟಿ ಬಿಚ್ಚಿ ರಿಜಿಸ್ಟರಿನ ಮೇಲೆ ಇಟ್ಟ. ಹಿತ್ತಾಳೆ ಮೇಜಿಗೆ ಬಡಿದ ಸದ್ದಿಗೆ ಕೂಗು ನಿಂತಿತು.

"ಜವಾಬ್ ನಾನs ಕೊಡ್ತೀನ್ರಿ. ಹನ್ನೊಂದು ದಿನ ಇಲ್ಲಿ ಸರ್ಕಾರ ಇತ್ತು ಅಂದ್ರ ಅದು ನಾನು. ಬ್ಯಾರೆ ಯಾರೂ ಇದ್ದಿಲ್ಲ. ಜನ ನನ್ನ ಮುಂದ ಬಂದು ಅತ್ರು, ನಾ ನಂಬರ್ ಹಾಕ್ದೆ. ನನ್ನ ಮಗಳು ಕಾಯಾಕತ್ತಿದ್ಲು, ನಾ ನನಗs ಅರ್ಜಿ ಬರ್ಕೊಂಡು ಕುಂತೆ. ಮಂಜೂರಾಗ್ಲಿ ಬಿಡ್ಲಿ, ನಾ ಅವತ್ತs ಎದ್ದು ಹೋಗ್ಬೇಕಿತ್ತು. ಹೋಗ್ಲಿಲ್ಲ. ಅದು ನನ್ನ ತಪ್ಪು. ಏಳನೇ ನಂಬರಿನ ಮುಂದ ಹಂಗs ಬರೀರಿ."

ಗುಮಾಸ್ತ ಅಧ್ಯಕ್ಷರ ಮುಖ ನೋಡಿದ. ಅವರು ತಲೆಯಾಡಿಸಿದರು. ಗುಮಾಸ್ತ ಬರೆದ, ಲಾಲ್ ಅಹ್ಮದ್ ಬಾಗಿ ಅದರ ಕೆಳಗೆ ಸಹಿ ಹಾಕಿದ. ಆಮೇಲೆ ಲೇಖನಿಯನ್ನು ದಿಗಂಬರರಾಯನ ಮುಂದೆ ಇಟ್ಟ.

"ನಂದು ಬರೆಸ್ದೆ. ಇನ್ನ ಇಪ್ಪತ್ತೆರಡು ಖಾಲಿ ಅವ. ಯಾರ್ಯಾರ್ದು ಯಾವ್ಯಾವ್ದು ಅಂತ ನೀವು ನೀವs ಬರ್ಕೊಳ್ರಿ."

ದಿಗಂಬರರಾವ್ ಲೇಖನಿ ಮುಟ್ಟಲಿಲ್ಲ. ಅದನ್ನು ಬಸವಣಪ್ಪನ ಕಡೆ ಸರಿಸಿದ. ಬಸವಣಪ್ಪ ಅದೇನು ಬಿಸಿ ಕೆಂಡವೋ ಎಂಬಂತೆ ಕೈ ಹಿಂದಕ್ಕೆಳೆದುಕೊಂಡ. ಸಮಿತಿಯ ವರದಿಯಲ್ಲಿ ಮುಂದೆ ಏನು ಬಂತೋ ಹುಮನಾಬಾದಿಗೆ ತಿಳಿಯಲಿಲ್ಲ. ತೆಗೆಯಬೇಕಾದ ನೌಕರರ ಪಟ್ಟಿ ಮಾತ್ರ ಹೊಸ ವರ್ಷಕ್ಕೆ ಸರಿಯಾಗಿ ಬಂತು. ಲಾಲ್ ಅಹ್ಮದನ ಹೆಸರು ಅದರಲ್ಲಿ ಇತ್ತು. ಐವತ್ತರ ಜನವರಿಯಿಂದ ಅವನು ಮಚ್ಚೇಂದ್ರನ ಜೊತೆ ಸಂತೆಗೆ ಹುಲ್ಲಿನ ಗಾಡಿ ಹೊಡೆದು ಹೊಟ್ಟೆ ಹೊರೆದ.

ಆದರೆ ವಿಚಾರಣೆಯ ಆ ಸಂಜೆಯ ಮಾತು ಇನ್ನೂ ಇದೆ. ಅವನು ಮನೆಗೆ ಬಂದಾಗ ಎದೆಯ ಮೇಲೆ ಪಟ್ಟಿ ಇರಲಿಲ್ಲ. ಮದುವೆಯಾದಾಗಿನಿಂದ ಪಟ್ಟಿ ಇಲ್ಲದೆ ಅವನು ಹೊಸ್ತಿಲು ದಾಟಿದ್ದನ್ನು ವಜೀರಬಿ ಕಂಡಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ಅವನು ಅವಳೆದುರು ನೆಲದ ಮೇಲೆ ಕುಳಿತ.

"ನನ್ನ ತಪ್ಪಂತ ಬರೆಸಿ ಬಂದೆ" ಎಂದ.

ಅವಳು ಗೋಡೆಗೆ ಮುಖ ಮಾಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಾಗುತ್ತಿತ್ತು, ಅದನ್ನೂ ತಿರುವಲಿಲ್ಲ. ಒಂದು ವರ್ಷದ ಮೇಲೆ ಮೊದಲ ಸಲ ಗಂಡನನ್ನು ನೇರವಾಗಿ ನೋಡಿ ಕೇಳಿದಳು.

"ಅವ್ರು?"

"ಅವ್ರು ಬರ್ಕೊಳ್ಳಿಲ್ಲ."

ವಜೀರಬಿ ಕರಕಲು ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಳು. ಇನ್ನೊಂದು ಬಡಿದು, ಚೆನ್ನಾಗಿ ಬೇಯಿಸಿ, ಅವನಿಗೆ ಕೊಟ್ಟಳು.